ಪೀಪಿಯ ಗಂಟಲು

ಅವಳಿಗೆ ಪೀಪಿ ಅಂತ ಹೆಸರಿಟ್ಟವರು ಅಪ್ಪ. ತೊಟ್ಟಿಲಲ್ಲಿದ್ದ ಮಗು ಬಾಯಿ ತೆರೆದರೆ ಎದುರು ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರಂತೆ. "ಇದು ಮಗು ಅಲ್ಲ ಕಣೇ, ಪೀಪಿ!" ಅಂತ ಅಪ್ಪ ನಕ್ಕರಂತೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರೇ ಇತ್ತು. ಆದರೆ ಆ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಅಮ್ಮನದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಮನೆ ಅದರ ಮೇಲಿನ ಮಹಡಿಯಲ್ಲಿ. ಕೆಳಗೆ ದೊಡ್ಡ ಮೆಷಿನ್ನುಗಳು ಬೆಳಗ್ಗೆ ಗಡಗಡ ಶುರು ಮಾಡಿದವೆಂದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳುತ್ತಿರಲಿಲ್ಲ. ಪೀಪಿ ಅಲ್ಲೇ, ಮಡಿಸಿಟ್ಟ ಬೆಡ್‌ಶೀಟುಗಳ ರಾಶಿಯ ಮೇಲೆ ಕೂತು ಹಾಡುತ್ತಿದ್ದಳು. ಮೆಷಿನ್ನಿಗಿಂತ ಜೋರಾಗಿ ಹಾಡಿದರೆ ಅಮ್ಮನಿಗೆ ಕೇಳಿಸುತ್ತದೆ, ಇಲ್ಲದಿದ್ದರೆ ಇಲ್ಲ. ಹೀಗಾಗಿ ಗಂಟಲು ಹರಿಯುವಂತೆ ಕೂಗುವುದನ್ನೇ ಅವಳು ಹಾಡುವುದು ಅಂದುಕೊಂಡಳು.

ಅಪ್ಪ ಬಸ್ ಕಂಡಕ್ಟರ್. ಅವಳು ಹೈಸ್ಕೂಲಿಗೆ ಹೋಗುತ್ತಿದ್ದಾಗ ಅವರ ದನಿ ಒಡೆಯಿತು. "ಶೀತ, ಅಷ್ಟೇ" ಅಂತ ತಳ್ಳಿಹಾಕಿದರು. ಯಾರು ಕೇಳಿದರೂ ಶೀತ. ಆ ಶೀತ ಒಂದು ವರ್ಷ ಬಿಡಲಿಲ್ಲ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಗಂಟಲಲ್ಲಿ ಬೆಳೆದದ್ದು ಕೈ ಮೀರಿತ್ತು. ಕೊನೆಕೊನೆಗೆ ಅವರು ಬರೀ ತುಟಿ ಅಲ್ಲಾಡಿಸುತ್ತಿದ್ದರು. ಪೀಪಿ ಅರ್ಥವಾದವಳಂತೆ ತಲೆಯಾಡಿಸುತ್ತಿದ್ದಳು.

ಅವರು ಹೋದ ಮರುವರ್ಷ ಶಾಲೆಯ ನಾಟಕಕ್ಕೆ ಸಂಗೀತ ನುಡಿಸಲು ಒಂದು ನಾಟಕ ಕಂಪನಿಯ ಪಿಯಾನೊ ವಾದಕರು ಬಂದಿದ್ದರು. ಬೋಳುತಲೆ, ದಪ್ಪ ಬೆರಳು, ಬಾಯಿ ತುಂಬ ತಮಾಷೆ. ಪೀಪಿಯ ಹಾಡು ಮುಗಿದ ಮೇಲೆ, "ತಾಯಿ, ಮೈಕ್ ಕೆಟ್ಟಿದ್ದು ನಿನಗೆ ಗೊತ್ತಾಯ್ತಾ?" ಅಂತ ಕೇಳಿದರು. ಅವಳಿಗೆ ಗೊತ್ತಾಗಿರಲಿಲ್ಲ. "ನಮ್ಮ ಕಂಪನಿಗೆ ಬಂದುಬಿಡು, ಕರೆಂಟ್ ಉಳಿಯುತ್ತೆ" ಅಂದರು. ಆವತ್ತಿನಿಂದ ಅವರು ಪಿಯಾನೊ ಮಾವ ಆದರು.

ಓದು ಮುಗಿಸಿ ಅವಳು ಕಂಪನಿ ಸೇರಿದಳು. ಅಲ್ಲಿ ಆಡುವುದೆಲ್ಲ ಹಾಡು ಕುಣಿತದ ನಾಟಕಗಳೇ. ಮೊದಲಿಗೆ ಹಿಂದಿನ ಸಾಲು: ಒಂದು ದೃಶ್ಯದಲ್ಲಿ ಹೂ ಮಾರುವವಳು, ಇನ್ನೊಂದರಲ್ಲಿ ಸಿಪಾಯಿ, ಮತ್ತೊಂದರಲ್ಲಿ ಬಿರುಗಾಳಿಗೆ ಅಲ್ಲಾಡುವ ಮರ. ಮರದ ಪಾತ್ರದಲ್ಲೂ ಅವಳ ದನಿ ಎಲ್ಲರ ತಲೆಯ ಮೇಲೆ ಹಾದು ಬರುತ್ತಿತ್ತು. ನಾಯಕಿ ಬಸುರಿಯಾಗಿ ರಜೆಗೆ ಹೋದಾಗ ನಿರ್ದೇಶಕಿ, "ಮರ ಮುಂದೆ ಬರಲಿ" ಅಂದರು. ಕಡಲ ತೀರದ ದೀಪಸ್ತಂಭದ ಕಾವಲುಗಾರನ ಮಗಳ ಪಾತ್ರ ಅದು. ಕೊನೆಯ ಹಾಡಿನಲ್ಲಿ ದೋಣಿಯಲ್ಲಿರುವ ಅಣ್ಣನನ್ನು ಕರೆಯುವಾಗ ಸ್ವರ ಏರಿ ಏರಿ ಚಾವಣಿ ಮುಟ್ಟಬೇಕು. ಪೀಪಿ ಮುಟ್ಟಿಸಿದಳು. ಜನ ಅದಕ್ಕೇ ಟಿಕೆಟ್ ಕೊಳ್ಳತೊಡಗಿದರು.

ನಾಟಕ ಓಡಿತು, ಗಂಟಲು ಸೋತಿತು. ಬೆಳಗ್ಗೆ ಎದ್ದರೆ ದನಿಯ ಬದಲು ಗರಗರ. ಬಿಸಿನೀರು, ಉಪ್ಪುನೀರು, ಜೇನು, ಯಾವುದಕ್ಕೂ ಬಗ್ಗಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಅಂತ ಹೊರಟು ಎರಡು ಸಲ ಆಸ್ಪತ್ರೆಯ ಗೇಟಿನಿಂದ ವಾಪಸ್ಸು ಬಂದಳು. ಅಪ್ಪ ಕೂತಿದ್ದ ಬೆಂಚು ಆ ಗೇಟಿನಿಂದಲೇ ಕಾಣುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನದ ಆಟದಲ್ಲಿ ಕೊನೆಯ ಹಾಡು ಬಂತು. ಪೀಪಿ ಕೈ ಚಾಚಿದಳು, ಬಾಯಿ ತೆರೆದಳು. ಬರೀ ಗಾಳಿ. ಪಿಯಾನೊ ಮಾವ ತಲೆಯೆತ್ತಿ ನೋಡಿದರು, ಒಂದು ಕ್ಷಣವೂ ತಡೆಯದೆ ಅವಳ ಸ್ವರಗಳನ್ನೆಲ್ಲ ತಾವೇ ಬೆರಳಲ್ಲಿ ನುಡಿಸಿದರು. ಅವಳು ಬಾಯಿ ತೆರೆದೇ ನಿಂತಿದ್ದಳು. ನಾಟಕವೇ ಹಾಗೆ ಅಂದುಕೊಂಡ ಜನ ಕಣ್ಣೊರೆಸಿಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಪರದೆ ಬಿತ್ತು. ನಿರ್ದೇಶಕಿ ಓಡಿ ಬಂದರು. "ಏನಾಯ್ತೇ?"

"ಶೀತ ಮೇಡಂ, ಅಷ್ಟೇ" ಅಂದಳು ಪೀಪಿ.

ಅಂದ ಮೇಲೆ ಅದು ಅಪ್ಪನ ಮಾತು ಅಂತ ಹೊಳೆಯಿತು. ಬಣ್ಣ ಅರ್ಧಂಬರ್ಧ ಒರೆಸಿಕೊಂಡು ಸೀದಾ ಅಂಗಡಿಗೆ ಬಂದಳು. ಅಮ್ಮ ಒಂದು ಬೆಡ್‌ಶೀಟಿನ ತುದಿ ಅವಳ ಕೈಗೆ ಕೊಟ್ಟಳು. ಇಬ್ಬರೂ ಎಳೆದು ಮಡಿಸುತ್ತಿರುವಾಗ ಪೀಪಿ ಪಿಸುಗುಟ್ಟಿದಳು: "ಅಮ್ಮಾ, ನನಗೂ ಅಪ್ಪನ ಹಾಗೇ ಆಗಿದೆ ಅನ್ಸುತ್ತೆ."

ಅಮ್ಮನ ಕೈ ನಿಂತುಹೋಯಿತು. "ಎಷ್ಟು ದಿನದಿಂದ?"

"ತುಂಬಾ ದಿನ ಆಯ್ತು."

ಅಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಮೆಷಿನ್ ಆರಿಸಿದಳು. "ನಾಳೆ ಬೆಳಗ್ಗೆ ಹೋಗ್ತೀವಿ. ಗೇಟಿನವರೆಗಲ್ಲ, ಒಳಗೆ" ಅಂದಳು. ಗೇಟಿನ ವಿಷಯ ಅಮ್ಮನಿಗೆ ಯಾರು ಹೇಳಿದರೋ ಪೀಪಿಗೆ ತಿಳಿಯಲಿಲ್ಲ. ತಾಯಂದಿರ ಪತ್ತೇದಾರಿ ಇಲಾಖೆಯೇ ಬೇರೆ.

ಡಾಕ್ಟರಮ್ಮ ಅವಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಕಡೆ ನೋಡುತ್ತ ಕೂತರು. ಅಮ್ಮ ಮಗಳ ಮೊಣಕೈ ಹಿಡಿದ ಹಿಡಿತಕ್ಕೆ ಆಮೇಲೆ ಅಲ್ಲಿ ನೀಲಿ ಗುರುತು ಬಿತ್ತು.

"ಚಪ್ಪಲಿ ಕಚ್ಚಿದ ಕಡೆ ಕಾಲಲ್ಲಿ ಆಣಿ ಬೀಳುತ್ತಲ್ಲ?" ಅಂದರು ಡಾಕ್ಟರಮ್ಮ. "ಇದೂ ಹಾಗೇ. ಕೂಗಿ ಕೂಗಿ ಎರಡು ಪುಟ್ಟ ಗಂಟು ಕಟ್ಟಿವೆ. ದನಿಗೆ ವಿಶ್ರಾಂತಿ ಕೊಟ್ಟು, ಹಾಡೋ ರೀತಿ ಬದಲಾಯಿಸಿದರೆ ಕರಗುತ್ತವೆ."

"ಅಂದರೆ ಅದು ಅಲ್ಲವಾ?" ಅಂದಳು ಅಮ್ಮ. ಆ ಮನೆಯಲ್ಲಿ ಆ ಕಾಯಿಲೆಯ ಹೆಸರು ಹೇಳುವ ವಾಡಿಕೆ ಇರಲಿಲ್ಲ.

"ಅಲ್ಲವೇ ಅಲ್ಲ."

ಅಮ್ಮ ನಗಲು ಹೋಗಿ ಬಿಕ್ಕಳಿಸಿದಳು. "ಆಣಿಯಂತೆ, ಆಣಿ" ಅಂತ ಗೋಡೆಯ ಕಡೆ ತಿರುಗಿ ಹೇಳಿದಳು. ಪೀಪಿಗೆ ಎದೆಯ ಮೇಲಿನ ಬಂಡೆ ಯಾರೋ ಎತ್ತಿಟ್ಟಂತಾಯಿತು. ಮೊದಲು ಅನಿಸಿದ್ದು ಹಸಿವು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅವಳು ತಿಂದದ್ದನ್ನು ನೋಡಿ ಅಮ್ಮ ತನ್ನ ತಟ್ಟೆಯನ್ನೂ ಅವಳ ಕಡೆ ಸರಿಸಿದಳು.

ಡಾಕ್ಟರ ಅಪ್ಪಣೆಯಂತೆ ಕೆಲವು ವಾರ ಮೌನ. ಪೀಪಿ ಅಂಗಡಿಯ ಕಟ್ಟೆಯಲ್ಲಿ ಕೂತು ಕೈಸನ್ನೆಯಲ್ಲೇ ವ್ಯಾಪಾರ ಮಾಡಿದಳು. ಗಿರಾಕಿಯೊಬ್ಬಳು, "ಪಾಪ, ಮೂಗಿ. ಮದುವೆ ಹೇಗೋ" ಅಂತ ಅವಳೆದುರೇ ಮರುಗಿದಳು. ಆವತ್ತು ನಗು ತಡೆದದ್ದೇ ದೊಡ್ಡ ಸಾಹಸ.

ಆದರೆ ಪಾತ್ರ ಕಾಯುತ್ತದೆಯೇ? ಹಿಂದಿನ ಸಾಲಿನ ಇನ್ನೊಬ್ಬ ಹುಡುಗಿಗೆ ಅದು ಹೋಯಿತು. ಪೀಪಿ ಒಂದು ಸಂಜೆ ಹೋಗಿ ಪಕ್ಕದ ಪರದೆಯ ಮರೆಯಲ್ಲಿ ನಿಂತು ನೋಡಿದಳು. ಹುಡುಗಿ ಚೆನ್ನಾಗಿಯೇ ಹಾಡಿದಳು. ಹೊಟ್ಟೆಯಲ್ಲಿ ಕಿಚ್ಚು ಹತ್ತಿತು, ಸುಳ್ಳೇಕೆ. ಮನೆಗೆ ಬಂದು ದಿಂಬಿಗೆ ಎರಡು ಗುದ್ದಿದಳು.

ಮೌನ ಮುಗಿದ ಮೇಲೆ ಹೊಟ್ಟೆಯಿಂದ ಉಸಿರು ತಂದು ಹಾಡುವುದನ್ನು ಓನಾಮದಿಂದ ಕಲಿತಳು. ಗಂಟುಗಳು ಕರಗಿದವು. ದನಿ ಬಂತು, ಆದರೆ ಹಳೆಯದಲ್ಲ. ಒಂದು ಮೆಟ್ಟಿಲು ಕೆಳಗೆ, ಅಗಲವಾಗಿ, ಸ್ವಲ್ಪ ಒರಟಾಗಿ. ಪಿಯಾನೊ ಮಾವ ಒಂದು ಮಧ್ಯಾಹ್ನ ಅವಳನ್ನು ಹಾಡಿಸಿದರು. ನಿರ್ದೇಶಕಿ ಕಣ್ಣು ಮುಚ್ಚಿ ಕೇಳಿದರು.

"ಮೇಲಿನ ಸ್ವರ ಹೋಯ್ತು" ಅಂದರು.

"ಗೊತ್ತು ಮೇಡಂ."

"ದೀಪಸ್ತಂಭದ ಹುಡುಗಿ ಇನ್ನು ನೀನಲ್ಲ."

"ಅದೂ ಗೊತ್ತು."

ಆ ಮಾತು ಕೇಳುವಾಗ ನೋವಾಗುತ್ತದೆಂದು ಅವಳು ಹಲ್ಲು ಕಚ್ಚಿ ಕಾಯುತ್ತಿದ್ದಳು. ನೋವಿನ ಹಿಂದೆಯೇ ಹಗುರವೂ ಬಂತು. ಆ ಒಂದು ಸ್ವರಕ್ಕಾಗಿ ಬೆಳಗ್ಗೆಯಿಂದ ಸಂಜೆಯವರೆಗೆ ಹೆದರುವುದು ಇನ್ನಿಲ್ಲವಲ್ಲ!

"ಮುಂದಿನ ನಾಟಕದಲ್ಲಿ ಒಬ್ಬಳು ಮನೆ ಓನರ್ ಇದ್ದಾಳೆ" ಅಂದರು ನಿರ್ದೇಶಕಿ. "ಗಯ್ಯಾಳಿ. ಬಾಡಿಗೆದಾರರನ್ನೆಲ್ಲ ಹಾಡಿನಲ್ಲೇ ಬೈತಾಳೆ. ಆಮೇಲೆ ಅವರಿಗೆ ಜ್ವರ ಬಂದರೆ ಅವಳೇ ಕೂತು ನೋಡ್ಕೋತಾಳೆ. ಮಾಡ್ತೀಯಾ?"

ಮೊದಲ ಆಟಕ್ಕೆ ಅಮ್ಮ ಅಂಗಡಿ ಮುಚ್ಚಿ ಬಂದಳು. ಪೀಪಿ ಸೊಂಟಕ್ಕೆ ಕೈಯಿಟ್ಟು ವೇದಿಕೆಗೆ ಬಂದು ಮೊದಲ ಸಾಲು ಹಾಡಿದಳು. ಜನ ನಕ್ಕರು. ಎರಡನೇ ಸಾಲಿಗೆ ಮತ್ತೆ ನಕ್ಕರು. ದೀಪಸ್ತಂಭದ ಹುಡುಗಿಯಾಗಿದ್ದಷ್ಟು ದಿನ ಅವಳು ಕಂಡದ್ದು ಕಣ್ಣೀರು ಮಾತ್ರ. ತನ್ನಿಂದ ಒಂದು ಸಭೆ ಹೀಗೆ ಬಿದ್ದು ಬಿದ್ದು ನಗಬಲ್ಲದು ಅಂತ ಅವಳಿಗೆ ಗೊತ್ತೇ ಇರಲಿಲ್ಲ.

ಆಟ ಮುಗಿದ ಮೇಲೆ ಬಸ್ಸಿನಲ್ಲಿ ತಾಯಿ ಮಗಳು ಪಕ್ಕಪಕ್ಕ ಕೂತರು. ಅಮ್ಮ ಕೇಳಿದಳು: "ಆ ಹೆಂಗಸು ಕೊನೆಗೆ ಬಾಡಿಗೆ ಯಾಕೆ ಬಿಟ್ಟುಬಿಟ್ಟಳು? ನಾನಾಗಿದ್ರೆ ಅರ್ಧನಾದ್ರೂ ಇಸ್ಕೋತಿದ್ದೆ." ಪೀಪಿ ಆ ಹೆಂಗಸಿನ ಪರ ವಾದಿಸಿದಳು, ಅಮ್ಮ ಬಿಡಲಿಲ್ಲ. ಮಾತಿನ ಭರದಲ್ಲಿ ಇಳಿಯುವ ಸ್ಟಾಪು ಹಿಂದೆ ಹೋಯಿತು. ಮುಂದಿನ ಸ್ಟಾಪಿನಲ್ಲಿ ಇಳಿದು, ಅದೇ ವಾದ ಮಾಡುತ್ತ, ಇಬ್ಬರೂ ನಿಧಾನವಾಗಿ ಮನೆಯ ಕಡೆ ನಡೆದರು.