ಅಕ್ಕ ನೋಡಬಾರದಿದ್ದ ಪರದೆ

ಪುಟ್ಟಿಗೆ ಹನ್ನೊಂದನೇ ವಯಸ್ಸಿನಲ್ಲಿ ಎರಡೂ ಕಣ್ಣು ಹೋದವು. ಅದಕ್ಕೆ ಮುಂಚೆ ಅವಳೂ ಅಕ್ಕನೂ ಶಾಲೆಯಿಂದ ಬಂದವರೇ ಚೀಲ ಎಸೆದು, ಒಂದೇ ಸೋಫಾದ ಮೇಲೆ ಮೊಣಕೈಗೆ ಮೊಣಕೈ ತಾಗಿಸಿ ಕೂತು, ಟಿವಿಗೆ ಜೋಡಿಸಿದ ವಿಡಿಯೋ ಗೇಮ್ ಕನ್ಸೋಲಿನಲ್ಲಿ ಕಾರು ಓಡಿಸುತ್ತಿದ್ದರು. ಪುಟ್ಟಿ ಆಸ್ಪತ್ರೆಯಿಂದ ಬಂದ ದಿನ ಅಕ್ಕ ಆ ಯಂತ್ರವನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ತಂಗಿಗಿಲ್ಲದ ಆಟ ತನಗೂ ಬೇಡ ಅಂತ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಪುಟ್ಟಿಯನ್ನು ಬಹಳ ವರ್ಷ ಕೊರೆದದ್ದು ಅದೇ.

ದೊಡ್ಡವಳಾದ ಮೇಲೆ ಪುಟ್ಟಿ ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಫೋನಿನ ಮುಂದೆ ಕೂತಳು. "ಊರಿನ ಬೈಗುಳವೆಲ್ಲ ತಪ್ಪದೆ ಬರುತ್ತೆ, ನೀರೊಂದೇ ಬರಲ್ಲ" ಎಂದು ನಗುತ್ತಿದ್ದಳು. ಬೆಳಗಿನ ಹೊತ್ತು, ಕೆಲಸಕ್ಕೆ ಹೊರಡುವ ಮುನ್ನ, ಪರದೆಯಲ್ಲಿರುವುದನ್ನು ಓದಿ ಹೇಳುವ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿತಳು. ಆರು ವರ್ಷದಲ್ಲಿ ಒಂದು ಆಟ ತಯಾರಾಯಿತು. ದೀಪ ಹೋದ ಊರಿನಲ್ಲಿ ಟಪಾಲು ಹಂಚುವ ಹೆಂಗಸಿನ ಆಟ. ಸೋರುವ ನಲ್ಲಿ, ಗೊರಕೆ, ಕಿರುಗುಟ್ಟುವ ತೊಟ್ಟಿಲು, ಹೀಗೆ ಸದ್ದು ಹಿಡಿದು ಮನೆ ಹುಡುಕಬೇಕು. ಗೊರಕೆ ಅಕ್ಕನದೇ. "ಇದು ನನ್ನದಲ್ಲ" ಎಂದು ಅವಳು ಕೊನೆಯವರೆಗೂ ವಾದಿಸಿದಳು.

ಕಂಪ್ಯೂಟರಿನಲ್ಲಿ ಆ ಆಟ ಚೆನ್ನಾಗಿಯೇ ಓಡಿತು. ಆದರೆ ಪುಟ್ಟಿಗೆ ಬೇಕಿದ್ದದ್ದು ಸೋಫಾ. ಕಣ್ಣಿದ್ದವರೂ ಇಲ್ಲದವರೂ ಒಟ್ಟಿಗೆ ಕೂತು ಆಡಬೇಕೆಂದರೆ ಅದು ಕನ್ಸೋಲಿಗೆ ಬರಬೇಕು. ಕನ್ಸೋಲ್ ತಯಾರಿಸುವ ಒಂದು ಕಂಪನಿಗೆ ಅರ್ಜಿ ಹಾಕಿ, ಯಂತ್ರದ ಗುಟ್ಟು ಬಿಟ್ಟುಕೊಡುವುದಿಲ್ಲ ಎಂಬ ಒಪ್ಪಂದಕ್ಕೆ ಸಹಿ ಹಾಕಿದಳು. ಆಟ ತಯಾರಿಸುವವರಿಗೆಂದೇ ಇರುವ ವಿಶೇಷ ಯಂತ್ರವೊಂದು ಡಬ್ಬಿಯಲ್ಲಿ ಬಂತು.

ಅಕ್ಕ ಬಟ್ಟೆ ಅಂಗಡಿಯಲ್ಲಿ ದರ್ಜಿ. ಕತ್ತರಿಯಲ್ಲೇ ಡಬ್ಬಿ ಬಿಚ್ಚಿ ತಂತಿ ಜೋಡಿಸಿದಳು. ಯಂತ್ರ ಒಂದು ಸಲ ಗುಂಯ್ ಎಂದು ಸುಮ್ಮನಾಯಿತು.

"ಮಾತಾಡ್ತಿದೆಯಾ?" ಎಂದಳು ಪುಟ್ಟಿ.

"ಇಲ್ವೇ. ಏನೇನೋ ಬರ್ಕೊಂಡು ಕೂತಿದೆ."

ಅದು ಮಾತಾಡಲೇ ಇಲ್ಲ. ಯಂತ್ರವೂ ಮೂಕ, ಅದರ ಜೊತೆ ಬಂದ ಪ್ರೋಗ್ರಾಂಗಳೂ ಮೂಕ. ಅಂಗಡಿಯಿಂದ ಬಂದ ಅಕ್ಕ ಸಂಜೆ ಸಂಜೆ ಪರದೆಯ ಮುಂದೆ ಕೂತು, ತನಗೆ ತಲೆಬುಡ ತಿಳಿಯದ ಸಾಲುಗಳನ್ನು ಅಕ್ಷರ ಅಕ್ಷರ ಕೂಡಿಸಿ ಓದತೊಡಗಿದಳು. ಒಂದು ಚುಕ್ಕೆ ಬಿಟ್ಟರೂ ಎಲ್ಲ ಮೊದಲಿಂದ. "ಜೇಬು ಹೊಲಿ ಅಂದ್ರೆ ಹೊಲೀತೀನಿ, ಇದೆಂಥ ಕರ್ಮ" ಎನ್ನುವಳು, ಮತ್ತೆ ಓದುವಳು. ಆಟದೊಳಗೆ ಆಯ್ಕೆಯ ಪಟ್ಟಿಗಳನ್ನು ಓದಿ ಹೇಳುವ ದನಿಯನ್ನೂ ಆ ಕನ್ಸೋಲ್ ಕೊಡುತ್ತಿರಲಿಲ್ಲ. ಹಾಗಾಗಿ ಪುಟ್ಟಿ 'ಶುರು', 'ಮುಂದುವರಿಸಿ', 'ಸದ್ದು ಹೆಚ್ಚಿಸಿ' ಎಂಬಂಥ ನೂರಾರು ಮಾತುಗಳನ್ನು ಅಕ್ಕನ ದನಿಯಲ್ಲೇ ಮುದ್ರಿಸಿಕೊಂಡಳು.

ಎಂಟು ತಿಂಗಳಿಗೆ ಆಟ ಯಂತ್ರದಲ್ಲಿ ಎದ್ದು ನಿಂತಿತು. ಅಕ್ಕ ಕಣ್ಣು ಮುಚ್ಚಿಕೊಂಡು ಆಡಿ ಸೋತಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಟವನ್ನು ಕಂಪನಿಯ ಪರೀಕ್ಷೆಗೆ ಕಳಿಸುವ ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಈ ಯಂತ್ರವನ್ನು ಯಾರ್ಯಾರು ಬಳಸಿದ್ದಾರೆ? ಪುಟ್ಟಿ ಇದ್ದದ್ದನ್ನು ಇದ್ದ ಹಾಗೆ ಬರೆದಳು: ನಾನು, ಮತ್ತು ನನಗೆ ಪರದೆ ಓದಿ ಹೇಳುವ ನನ್ನ ಅಕ್ಕ.

ನಾಲ್ಕನೇ ದಿನ ಕಂಪನಿಯ ಅಧಿಕಾರಿ ಫೋನ್ ಮಾಡಿದರು. ಗುಟ್ಟಿನ ಒಪ್ಪಂದ ಮುರಿದಿದೆ, ಯಂತ್ರ ವಾಪಸು ಕಳಿಸಬೇಕು.

"ಸಹಿ ಹಾಕಿದವರು ಬಿಟ್ಟು ಬೇರೆಯವರು ಆ ಪರದೆ ನೋಡೋ ಹಾಗಿಲ್ಲ ಮೇಡಂ."

"ನನಗೆ ನೋಡೋಕಾಗಲ್ಲ. ಅಕ್ಕ ನೋಡಬಾರದು. ಹಾಗಾದ್ರೆ ಯಾರು ನೋಡ್ಬೇಕು ಸಾರ್?"

ಆತ ಕೆಟ್ಟ ಮನುಷ್ಯನೇನಲ್ಲ. "ನಿಮ್ಮ ಕಷ್ಟ ಅರ್ಥ ಆಗುತ್ತೆ. ಸಂಸ್ಥೆ ಅಂತ ನೋಂದಾಯಿಸಿ, ಅಕ್ಕನ್ನ ಉದ್ಯೋಗಿ ಅಂತ ತೋರಿಸಿ ಹೊಸ ಅರ್ಜಿ ಹಾಕಿ. ಮೂವತ್ತು ದಿನ ಟೈಮಿದೆ" ಎಂದರು.

ಆ ಅರ್ಜಿಯ ಕೊನೆಯಲ್ಲಿ, ಚಿತ್ರದಲ್ಲಿ ಕಾಣುವ ಅಕ್ಷರಗಳನ್ನು ಟೈಪಿಸಿ ಎಂದಿತ್ತು. ಕೆಳಗೆ ಇನ್ನೊಂದು ಸಾಲು: ಇದನ್ನು ಅರ್ಜಿದಾರರೇ ತುಂಬತಕ್ಕದ್ದು. ಬೇರೆ ದಾರಿ ಕೇಳಿ ಪುಟ್ಟಿ ಹನ್ನೊಂದು ಪತ್ರ ಬರೆದಳು. ಮೂವತ್ತೆರಡನೇ ದಿನ ಉತ್ತರ ಬಂತು, ಗಡುವು ಮುಗಿದಿದೆ ಎಂದು.

ಅಂದು ಅಕ್ಕ ಸಿಡಿದಳು. "ಒಂದು ಸುಳ್ಳು ಹೇಳೋಕೇನಾಗಿತ್ತು ನಿನಗೆ? ಹರಿಶ್ಚಂದ್ರನ ಮೊಮ್ಮಗಳಾ ನೀನು?"

"ನೀನು ಎಂಟು ತಿಂಗಳು ಕಣ್ಣು ಸವೆಸಿದೀಯ. ನೀನು ಇರಲೇ ಇಲ್ಲ ಅಂತ ಹೇಗೆ ಬರೀಲಿ?"

ಅಕ್ಕ ಒಳಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತಳು. ಬಹಳ ಹೊತ್ತು ಅದು ಓಡಿದ ಸದ್ದು ಬರಲಿಲ್ಲ. "ನಾನು ಓದಿದ್ದೇ ತಪ್ಪಾಯ್ತು ಕಣೇ" ಎಂದಳು ಅಲ್ಲಿಂದಲೇ. ಪುಟ್ಟಿ ಗೋಡೆ ಸವರಿಕೊಂಡು ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟಳು.

ಯಂತ್ರ ಹೋಯಿತು. ಆಟ ಉಳಿಯಲಿ ಎಂದು ಪುಟ್ಟಿ ಅದನ್ನು, ಕಂಪನಿಯ ಪರವಾನಗಿಯಿದ್ದ, ಕಣ್ಣಿದ್ದವರ ಒಂದು ತಂಡಕ್ಕೆ ಒಪ್ಪಿಸಿದಳು. ಒಂದೂವರೆ ವರ್ಷದ ಮೇಲೆ ಅದು ಅಂಗಡಿಗೆ ಬಂತು. ಅಕ್ಕ ಅರ್ಧ ದಿನ ರಜೆ ಹಾಕಿ ಹೊಸ ಕನ್ಸೋಲ್ ತಂದಳು. ಇಬ್ಬರೂ ಸೋಫಾದ ಮೇಲೆ ಕೂತರು. ಸಂಗೀತ ಬಂತು, ನಿಂತಿತು. ಆಮೇಲೆ ಏನೂ ಇಲ್ಲ.

"ಅಕ್ಕಾ, ನಿನ್ನ ದನಿ ಎಲ್ಲಿ?"

ಅಕ್ಕ ಒಂದೊಂದಾಗಿ ಬಟನ್ ಒತ್ತಿ ನೋಡಿದಳು. "ಇಲ್ಲ ಕಣೇ. ತೆಗೆದುಬಿಟ್ಟಿದಾರೆ."

ಕೇಳಿದ್ದಕ್ಕೆ ತಂಡದವರು ಸೌಜನ್ಯದಿಂದಲೇ ಬರೆದರು: ಆ ದನಿ ವೃತ್ತಿಪರವಾಗಿರಲಿಲ್ಲ, ಬೇರೆಯದನ್ನು ಹಾಕಿಸಲು ಸಮಯವಿರಲಿಲ್ಲ, ಮುಂದಿನ ಪರಿಷ್ಕರಣೆಯಲ್ಲಿ ಖಂಡಿತ ನೋಡುತ್ತೇವೆ. ಒಳಗಿನ ಸದ್ದುಗಳೆಲ್ಲ ಹಾಗೇ ಇದ್ದವು. ಒಳಗೆ ಹೋಗುವ ಬಾಗಿಲಿಗೆ ಮಾತ್ರ ಕಣ್ಣು ಬೇಕಿತ್ತು. ಪರಿಷ್ಕರಣೆ ಬರಲಿಲ್ಲ; ಮರುವರ್ಷ ಆ ತಂಡವೇ ಮುಚ್ಚಿಹೋಯಿತು.

ಪುಟ್ಟಿ ಮತ್ತೆ ಪ್ರೋಗ್ರಾಂ ಬರೆಯಲಿಲ್ಲ. ಶನಿವಾರ ಮಧ್ಯಾಹ್ನ ಅಂಧರ ಸಂಘದ ಸಹಾಯವಾಣಿಯಲ್ಲಿ ಕೂರುತ್ತಾಳೆ. ಒಮ್ಮೆ ನಿವೃತ್ತ ಬಸ್ ಡ್ರೈವರ್ ಒಬ್ಬರ ಕರೆ ಬಂತು. ಸಕ್ಕರೆ ಕಾಯಿಲೆಯಿಂದ ಇತ್ತೀಚೆಗೆ ಕಣ್ಣು ಕಳೆದುಕೊಂಡವರು. ಮಗಳು ಒಂದು ಆಟ ತಂದುಕೊಟ್ಟಿದ್ದಾಳೆ, ಟಪಾಲಿನದು, ಒಳಗೆ ಹೋಗೋಕೇ ಆಗುತ್ತಿಲ್ಲ.

"ಕೆಳಗಿನ ಬಾಣ ಎರಡು ಸಲ ಒತ್ತಿ ಸಾರ್. ಆಮೇಲೆ ಬಲಗಡೆ ದುಂಡನೆ ಬಟನ್."

ಅತ್ತ ಕಡೆಯಿಂದ ಗೊರಕೆಯ ಸದ್ದು ಕೇಳಿಸಿತು. ಮುದುಕರು ಮಗುವಿನ ಹಾಗೆ ನಕ್ಕರು. "ಬಂತು, ಬಂತು! ಚೆನ್ನಾಗಿದೆಯಮ್ಮಾ. ಆದ್ರೆ ಇದನ್ನ ಮಾಡಿದೋರಿಗೆ ನಮ್ಮಂಥೋರ ಕಷ್ಟ ಗೊತ್ತಿಲ್ಲ ಅನ್ಸುತ್ತೆ."

ಪುಟ್ಟಿ ಅಕ್ಕನ ಆ ಗೊರಕೆಯನ್ನು ಇನ್ನೊಮ್ಮೆ ಕೇಳಿಸಿಕೊಂಡಳು.

"ಇರಬಹುದು ಸಾರ್," ಎಂದಳು. "ಆಡಿ. ಮತ್ತೆ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಫೋನ್ ಮಾಡಿ, ಶನಿವಾರ ನಾನಿರ್ತೀನಿ."