ಪೊರಕೆ ಹಿಡಿದ ದೇವರು

ಬೆಳಕು ಹರಿಯುವ ಮೊದಲು ನೀರು ತುಂಬಬೇಕು, ಹಾಲು ಕಾಯಿಸಬೇಕು, ಅತ್ತೆಯ ಮಂಡಿಗೆ ಬಿಸಿನೀರಿನ ಚೀಲ ಕೊಡಬೇಕು, ಗಂಡನ ಅಂಗಿಗೆ ಇಸ್ತ್ರಿ ಹಾಕಬೇಕು, ಮನೆ ಗುಡಿಸಬೇಕು. ಗುಡಿಸುವಾಗ ಮೈದುನನ ಗಿಟಾರನ್ನು ಹಸುಗೂಸಿನಂತೆ ಎತ್ತಿ ಬದಿಗಿಟ್ಟು, ಅದರಡಿಯ ಬಿಸ್ಕತ್ತಿನ ಪುಡಿ ಬಳಿಯಬೇಕು. ಗಿಟಾರಿನ ಯಜಮಾನನಿಗೆ ಬೆಳಗಾಗುವುದು ಬಿಸಿಲು ಮುಖಕ್ಕೆ ಹೊಡೆದಾಗಲೇ.

ಕೈ ಇಷ್ಟು ದುಡಿಯುವಾಗ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ, ಏನಾದರೊಂದು ಗುನುಗುತ್ತಿತ್ತು. ಅದಕ್ಕೇ ಅತ್ತೆ ಗುನುಗಮ್ಮ ಎಂದು ಹೆಸರಿಟ್ಟಿದ್ದರು. ಅದು ಮುದ್ದೋ ಮೂದಲಿಕೆಯೋ ಎಂದು ಬಹಳ ದಿನ ಯೋಚಿಸಿ, ಅರ್ಧ ಅದು, ಅರ್ಧ ಇದು ಎಂದು ಅವಳೇ ತೀರ್ಮಾನಿಸಿಕೊಂಡಿದ್ದಳು.

ಮದುವೆಗೆ ಮುಂಚೆ ಚರ್ಚಿನ ಗಾಯನ ತಂಡದಲ್ಲಿ ಮುಂದಿನ ಸಾಲಿನಲ್ಲಿ ನಿಂತು ಹಾಡಿದವಳು. ಮದುವೆಯಾದ ಮೇಲೆ ಹಿಂದಿನ ಬೆಂಚಿಗೆ ಬಂದಳು. ಒಲೆ ಭಾನುವಾರವೂ ರಜೆ ಕೊಡುವುದಿಲ್ಲವಲ್ಲ, ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಹಾಡುಗಳು ಮುಗಿದು ಪಾದ್ರಿಗಳ ಪ್ರಸಂಗ ಶುರುವಾಗಿರುತ್ತಿತ್ತು.

ಹೀಗಿರುವಾಗ ಮೈದುನನ ಯುವಕರ ತಂಡ, ಚರ್ಚಿನ ಸಭೆಯವರೇ ಕಟ್ಟಿದ ಹೊಸ ಹಾಡುಗಳನ್ನು ಸೇರಿಸಿ ಒಂದು ಆಲ್ಬಂ ಮಾಡಲು ಹೊರಟಿತು. ಊರೆಲ್ಲ ಹಾಡು ಹುಡುಕಿದ ಮೈದುನ ಒಂದು ದಿನ ಸ್ವಂತ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟ.

"ಅತ್ತಿಗೆ, ಇದ್ಯಾರ ಹಾಡು?"

"ಈ ಮನೇಲಿ ಹಾಡೋರು ಇನ್ಯಾರಿದ್ದಾರೆ? ನಂದೇ."

ಕಳೆದುಹೋದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆಯೆಲ್ಲ ಗುಡಿಸುವ ಹೆಂಗಸಿನ ಸಾಮ್ಯವನ್ನು, ಆ ದೃಷ್ಟಾಂತದ ಕಥೆಯನ್ನು, ಯೇಸು ಹೇಳಿದ್ದಾನಲ್ಲ, ಹಾಡು ಅದರ ಮೇಲಿತ್ತು. ನಾನೇ ಆ ನಾಣ್ಯ, ಮಂಚದಡಿ ಮೂಲೆ ಸೇರಿದ್ದೇನೆ, ಪೊರಕೆ ಹಿಡಿದು ಬಾ ದೇವರೇ ಎಂದು.

ರಾಗ ಎಲ್ಲರಿಗೂ ಹಿಡಿಸಿತು. ಅವಳೇ ಹಾಡಬೇಕೆಂದೂ ಆಯಿತು. ಗಂಡ, "ಹೋಗಿ ಬಾ, ಊಟ ಮಾತ್ರ ಮಾಡಿಟ್ಟು ಹೋಗು" ಎಂದು ದೊಡ್ಡ ಮನಸ್ಸು ಮಾಡಿದ. ಎಷ್ಟೋ ವರ್ಷದ ಮೇಲೆ ತನ್ನ ದನಿ ನಾಲ್ಕು ಜನರ ಕಿವಿಗೆ ಬೀಳುತ್ತದೆಂಬ ಸಂಭ್ರಮದಲ್ಲಿ ಗುನುಗಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ತಕರಾರು ಬಂದದ್ದು ಪೊರಕೆಯಿಂದ.

"ದೇವರ ಕೈಗೆ ಪೊರಕೆ ಕೊಡೋದಾ ಅತ್ತಿಗೆ? ಜನ ನಗ್ತಾರೆ. ದೀಪ ಹಿಡಿದು ಬಾ ಅನ್ನಿ."

"ಗುಡಿಸಿದಳು ಅಂತ ಬೈಬಲಲ್ಲೇ ಇದೆಯಲ್ಲಪ್ಪ."

"ಅದು ಸಾಮ್ಯ."

"ನಂದೇನು, ಸಾಮ್ಯ ಅಲ್ದೆ ವಾರದ ವರದಿನಾ? ದೀಪ ಹಚ್ಚಿಟ್ಟು ಕೂತ್ರೆ ನಾಣ್ಯ ತಾನಾಗಿ ಎದ್ದು ಬರುತ್ತಾ? ನೀನು ಒಂದು ದಿನ ಮನೆ ಗುಡಿಸಿದ್ರೆ ಗೊತ್ತಾಗ್ತಿತ್ತು."

ಮೈದುನ ಗಿಟಾರಿನ ತಂತಿ ಬಿಗಿ ಮಾಡುವ ನೆಪದಲ್ಲಿ ತಲೆ ತಗ್ಗಿಸಿದ. "ತಂಡದೋರು ತೀರ್ಮಾನ ಮಾಡಿಯಾಗಿದೆ. ಪೊರಕೆ ಇದ್ರೆ ನಿಮ್ಮ ಹಾಡು ಇರಲ್ಲ."

ಗೋಡೆಗೆಲ್ಲ ದಪ್ಪ ಸ್ಪಂಜು ಬಡಿದ ಸ್ಟುಡಿಯೋದಲ್ಲಿ ಅವಳು ದೀಪ ಎಂದೇ ಹಾಡಿದಳು. ಒಂದೂ ಸ್ವರ ತಪ್ಪಲಿಲ್ಲ. "ಸ್ತೋತ್ರ!" ಎಂದು ತಂಡದವರು ಚಪ್ಪಾಳೆ ತಟ್ಟಿ, ಅವಳೇ ಮನೆಯಿಂದ ಹೊತ್ತು ತಂದಿದ್ದ ಚಹಾ ಕುಡಿಯಲು ಹೊರಗೆ ಹೋದರು. ಗಾಜಿನಾಚೆ ರೆಕಾರ್ಡಿಂಗ್ ಮಾಡುವವನೊಬ್ಬ ಉಳಿದ.

"ಕೇಳ್ತೀರಾ ಅಕ್ಕಾ?"

ಕೇಳಿದಳು. ದನಿ ಅವಳದೇ, ಅವಳು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಆದರೆ ಆ ಹಾಡಿನ ದೇವರು ದೀಪ ಹಿಡಿದು ಬಾಗಿಲಲ್ಲೇ ನಿಂತಿದ್ದ, ಬಗ್ಗುವ ಲಕ್ಷಣವೇ ಇರಲಿಲ್ಲ. ತನ್ನ ಮನೆಯಲ್ಲಿ ಅಂಥವರು ಆಗಲೇ ಇಬ್ಬರಿದ್ದಾರಲ್ಲ ಎಂದುಕೊಂಡಳು.

"ಅಳಿಸಿಬಿಡಿ. ಇನ್ನೊಂದು ಸಲ ಹಾಡ್ತೀನಿ, ಪೊರಕೆ ಹಾಕಿ."

"ಅಕ್ಕಾ, ಅಳಿಸಿದ್ರೆ ವಾಪಸ್ ಬರಲ್ಲ. ಪೊರಕೆ ಬೇಡ ಅಂತ ಅವ್ರು ಹಟ ಹಿಡಿದ್ರೆ ಆಲ್ಬಂನಲ್ಲಿ ನೀವೇ ಇರಲ್ಲ. ಅವ್ರನ್ನೊಂದು ಮಾತು ಕೇಳಿ."

ಹೊರಗಿನಿಂದ ಮೈದುನನ ಕೂಗು ಬಂತು. "ಅತ್ತಿಗೇ, ಲೋಟ ಎಲ್ಲಿಟ್ಟಿದ್ದೀರಿ?"

ಗುನುಗಮ್ಮ ಎದ್ದು ಹೋಗಿ ಬಾಗಿಲು ಮುಚ್ಚಿದಳು.

"ಅಳಿಸಿ," ಎಂದಳು.