ನೀರು ತುಂಬದ ಬಿಂದಿಗೆ

ನಮ್ಮ ಮನೆಯಲ್ಲಿ ಒಂದು ಹಿತ್ತಾಳೆ ಬಿಂದಿಗೆ ಇದೆ. ಪ್ರತಿ ಹಬ್ಬಕ್ಕೂ ಅಮ್ಮ ಅದನ್ನು ಹುಣಸೆಹಣ್ಣು ಹಾಕಿ ಬೆಳಗುತ್ತಾಳೆ, ಆದರೆ ಒಂದು ಲೋಟ ನೀರು ತುಂಬಿದ್ದನ್ನೂ ನಾನು ಕಂಡಿಲ್ಲ. ಯಾಕೆಂದು ಕೇಳಿದರೆ, ಹಳೇದು ಬಿಡು ಎಂದು ಬಾಯಿ ಮುಚ್ಚಿಸುತ್ತಿದ್ದಳು. ನನಗೋ ಚಿಕ್ಕಂದಿನಿಂದ ಎಲ್ಲದರಲ್ಲೂ ಮೂಗು ತೂರಿಸುವ ಚಟ.

ಹಳೆಯ ಸಾಮಾನುಗಳ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಚಿತ್ರ ಮಾಡುವುದು ಈಗ ನನ್ನ ಹುಚ್ಚು. ನಾಗರಬಾವಿಯಲ್ಲಿ ನಾವು ಕೆಲವರು ಸೇರಿ ಮನೆತನದ ವಸ್ತುಗಳ ಪುಟ್ಟ ಪ್ರದರ್ಶನ ಇಡಲು ಹೊರಟಾಗ ಬಿಂದಿಗೆಯನ್ನು ಮೇಜಿನ ಮೇಲಿಟ್ಟು, ಪಕ್ಕದಿಂದ ಟಾರ್ಚ್ ಬಿಟ್ಟು, ಸುತ್ತಲೂ ಫೋಟೋ ತೆಗೆದೆ. ಪರದೆಯಲ್ಲಿ ಬಣ್ಣ ತೆಗೆದು ನೆರಳನ್ನಷ್ಟೇ ಹೆಚ್ಚಿಸುತ್ತಾ ಹೋದಂತೆ ಕಂಠದ ಕೆಳಗೆ ಸಣ್ಣ ಚುಕ್ಕೆಗಳು ಎದ್ದವು. ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಸುತ್ತಾರಲ್ಲ, ಅಂಥವು. ಅಕ್ಷರ ಮಾತ್ರ ತಮಿಳು. ನಮ್ಮ ವಂಶದಲ್ಲಿ ತಮಿಳು ಬಲ್ಲವರೇ ಇಲ್ಲ.

ಅಮ್ಮನನ್ನು ಕರೆದು ತೋರಿಸಿದೆ. ನೋಡಿದವಳೇ ಕುರ್ಚಿ ಎಳೆದು ಕೂತಳು. ಆಮೇಲೆ ಎಲ್ಲ ಹೇಳಿದಳು. ನಾನು ತೊಟ್ಟಿಲಲ್ಲಿದ್ದಾಗ ನಾವಿದ್ದದ್ದು ಕಾಮಾಕ್ಷಿಪಾಳ್ಯದ ವಠಾರದಲ್ಲಿ. ಕಾವೇರಿ ಗಲಾಟೆಯಲ್ಲಿ ತಮಿಳರ ಮನೆಗಳಿಗೆ ಕಲ್ಲು ಬೀಳತೊಡಗಿದಾಗ ಪಕ್ಕದ ಮನೆಯಾಕೆ ತವರಿನವರು ಮದುವೆಗೆ ಕೊಟ್ಟ ಈ ಬಿಂದಿಗೆಯನ್ನು, ಮತ್ತೆ ಬಂದು ಒಯ್ಯುತ್ತೇನೆಂದು ಅಮ್ಮನ ಕೈಗಿಟ್ಟು, ಗಂಡ ಮಕ್ಕಳೊಂದಿಗೆ ಊರು ಬಿಟ್ಟಳಂತೆ. ಯಾರಾದರೂ ನುಗ್ಗಿ ಬಂದು ಆ ಅಕ್ಷರ ಕಂಡರೆ ಎಂಬ ಭಯಕ್ಕೆ ಅಮ್ಮ ಅಪ್ಪನ ವರ್ಕ್‌ಶಾಪಿನ ಉಪ್ಪುಕಾಗದ ಹಿಡಿದು ಹೆಸರನ್ನು ಉಜ್ಜಿಬಿಟ್ಟಳು. ಆಕೆ ತಿರುಗಿ ಬರಲಿಲ್ಲ. ಬಳಸಿದರೆ ನಮ್ಮದೇ ಆಗಿಬಿಡುತ್ತದೆ ಎಂದು ಅಮ್ಮ ಇವತ್ತಿಗೂ ನೀರು ತುಂಬಿಲ್ಲ. ಹುಡುಕೋಣವೆಂದರೆ, ವಠಾರದ ಹೆಂಗಸರೆಲ್ಲ ಒಬ್ಬರಿಗೊಬ್ಬರು ಅಕ್ಕಂದಿರು, ಹೆಸರು ಯಾರು ಕೇಳುತ್ತಾರೆ? ಅಮ್ಮ ಅಳಿಸಿದ್ದು ತನಗೆ ಗೊತ್ತೇ ಇಲ್ಲದ ಹೆಸರನ್ನು.

“ಏನಂತಿದೆ, ಓದು,” ಎಂದಳು.

ಚುಕ್ಕೆಗಳಿಗೆ ಗೆರೆ ಜೋಡಿಸಿ ಫೋನಿಗೆ ತೋರಿಸಿದೆ. ಅದು ಓದಿತು. ಅಮ್ಮ ಆ ಹೆಸರಿಗೆ ಅಕ್ಕ ಎಂದು ಸೇರಿಸಿ ಎರಡು ಸಲ ಹೇಳಿಕೊಂಡಳು.

ಪ್ರದರ್ಶನಕ್ಕೆಂದು ಚಿತ್ರದ ಕೆಳಗೆ ‘ನಮ್ಮ ಮನೆಯ ಬಿಂದಿಗೆ’ ಎಂದು ನಾನು ಮೊದಲೇ ಬರೆದಿದ್ದೆ. ಅಮ್ಮ ಅದರ ಮೇಲೆ ಬೆರಳಿಟ್ಟಳು.

“ಇದನ್ನ ಅಳಿಸು. ನಮ್ದು ಅಂತ ಬರೆದ್ರೆ, ಅವ್ರು ಬಂದು ನೋಡಿದ್ರೂ ಕೇಳೋಕೆ ಸಂಕೋಚ ಪಟ್ಕೋತಾರೆ ಕಣೇ.”